ತಲೆ ತಗ್ಗಿಸಿ ಹನ್ನೆರಡು ದಿನ

ಏಪ್ರಿಲ್ ೪, ಶುಕ್ರವಾರ

ನಿವೃತ್ತನಾಗುವಾಗ ಕಾರ್ಖಾನೆಯಿಂದ ತಂದಿದ್ದ ಖಾಲಿ ತಪಾಸಣೆ ಪುಸ್ತಕ ಇವತ್ತು ಕೆಲಸಕ್ಕೆ ಬಂತು. ಪ್ರತಿ ಪುಟದಲ್ಲೂ ನಾಲ್ಕು ಅಂಕಣ: ವಸ್ತು, ಕಂಡದ್ದು, ತೀರ್ಮಾನ, ನೋಡಿದವರ ಸಹಿ. ಮೂವತ್ತೊಂದು ವರ್ಷ ಇದರಲ್ಲಿ ನಟ್ಟು, ಬೋಲ್ಟು, ಬೇರಿಂಗುಗಳ ಹಣೆಬರಹ ಬರೆದವನು ನಾನು. ಈಗ ನನ್ನದೇ ಬರೆಯುವ ಸರದಿ.

ವಸ್ತು: ಬಲಗಣ್ಣು. ಕಂಡದ್ದು: ಒಳಗಿನ ಪರದೆ ಕಳಚಿತ್ತು, ಬುಧವಾರ ಅಂಟಿಸಿ ಒಳಗೆ ಗಾಳಿಗುಳ್ಳೆ ಬಿಟ್ಟಿದ್ದಾರೆ. ತೀರ್ಮಾನ: ಹದಿನಾಲ್ಕಕ್ಕೆ ಡಾಕ್ಟರಮ್ಮ ನೋಡಿ ಹೇಳಬೇಕು.

ಗುಳ್ಳೆ ಮೇಲಕ್ಕೆ ಏರಿ ಪರದೆಯನ್ನು ಒತ್ತಿ ಹಿಡಿಯಬೇಕಂತೆ. ಪರದೆ ಇರುವುದು ಕಣ್ಣಿನ ಹಿಂಬದಿಯಲ್ಲಿ. ಹಿಂಬದಿ ಮೇಲಾಗಬೇಕಾದರೆ ಮುಖ ನೆಲ ನೋಡಬೇಕು. ಕೂತರೂ ನೆಲ, ನಿಂತರೂ ನೆಲ, ಮಲಗಿದರೂ ನೆಲ. "ತಲೆ ಎತ್ತಬೇಡಿ, ಭಾರ ಎತ್ತಬೇಡಿ, ತಿಣುಕಬೇಡಿ. ಮತ್ತೆ ಕಳಚಿದ್ರೆ ಎರಡನೇ ಸಲ ಕೂರುತ್ತೆ ಅಂತ ಹೇಳೋಕಾಗಲ್ಲ" ಅಂದರು ಡಾಕ್ಟರಮ್ಮ. ನನ್ನ ಎಡಗಣ್ಣು ಓದಿ ಬರೆಯುವುದಕ್ಕೆ ಸಾಕು, ಹತ್ತಡಿ ಆಚೆಯದೆಲ್ಲ ಅದಕ್ಕೆ ಮಂಜು. ಬಲಗಣ್ಣು ಹೋಯಿತೆಂದರೆ ಕಾರು ಓಡಿಸುವುದೂ ಹೋಯಿತು, ನಾಲ್ಕು ಜನರ ಕೆಲಸದಲ್ಲಿ ತಪ್ಪು ಹುಡುಕುವ ಸುಖವೂ ಹೋಯಿತು.

"ಮದುವೆಯಾಗಿ ಮೂವತ್ನಾಲ್ಕು ವರ್ಷ ನನ್ನ ಮುಂದೆ ತಲೆ ತಗ್ಗಿಸದವರು ಒಂದು ಆಪರೇಷನ್ನಿಗೆ ತಗ್ಗಿಸಿದ್ರು ನೋಡಿ" ಎಂದು ಇವಳು ಮೇಲಿನ ಮನೆಯ ನರ್ಸಮ್ಮನಿಗೆ ಹೇಳಿ ನಗುತ್ತಿದ್ದಳು. ನನಗೆ ಈಗ ಜನರೆಂದರೆ ಪಾದಗಳು. ನರ್ಸಮ್ಮ ಎಂದರೆ ಒಂದು ಜೊತೆ ಬಿಳಿ ಶೂ. "ಸುಮ್ನೆ ಬಿದ್ದಿದ್ರೆ ಹುಚ್ಚು ಹಿಡಿಯುತ್ತೆ ಸಾರ್, ಏನಾದ್ರೂ ಬರೀರಿ, ಬರೆಯೋಕೆ ಹೇಗಿದ್ರೂ ಕೆಳಗೇ ನೋಡ್ಬೇಕು" ಅಂದದ್ದು ಆ ಶೂಗಳೇ.

ಏಪ್ರಿಲ್ ೫, ಶನಿವಾರ

ನಿನ್ನೆ ಬರೆಯಲು ಬಿಟ್ಟುಹೋದದ್ದು: ಆಸ್ಪತ್ರೆಯಿಂದ ತಂದ ಟ್ಯಾಕ್ಸಿ. ಎರಡು ಗಂಟೆಯ ದಾರಿ, ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದೆ. ಅವನು ಬ್ರೇಕ್ ಒತ್ತಿದಾಗಲೆಲ್ಲ ನನ್ನ ತಲೆ ಮುಂದಿನ ಸೀಟಿಗೆ. "ಸ್ವಲ್ಪ ನಿಧಾನ ಕಣಪ್ಪಾ" ಎಂದು ಇವಳು ಹದಿನೇಳು ಸಲ ಹೇಳಿದಳು. ನಾನು ಎಣಿಸುತ್ತಿದ್ದೆ; ಬೇರೇನು ಕೆಲಸ?

ಇವತ್ತು ಬೆಳಿಗ್ಗೆ ಇವಳು ತೀರ್ಪು ಕೊಟ್ಟಳು.

"ಹದಿನಾಲ್ಕಕ್ಕೆ ಟ್ಯಾಕ್ಸಿ ಬೇಡ. ನಮ್ಮ ಕಾರಲ್ಲೇ ಹೋಗೋಣ. ಹಿಂದಿನ ಸೀಟಲ್ಲಿ ದಿಂಬು ಜೋಡಿಸಿಕೊಡ್ತೀನಿ, ಬೋರಲು ಮಲಗಿ."

"ಓಡಿಸೋರು ಯಾರು?"

"ನಾನು."

ಇವಳಿಗೆ ಲೈಸೆನ್ಸ್ ಇದೆ, ಇಪ್ಪತ್ತು ವರ್ಷದಿಂದ ಇದೆ. ಸ್ಟೀರಿಂಗ್ ಮಾತ್ರ ನನ್ನ ಕೈಯಲ್ಲಿತ್ತು. ಅದನ್ನು ಇವಳು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಿಸಿಕೊಳ್ಳಲಿಲ್ಲ.

ಆದರೆ ಕಾರು ಓಡಬೇಕಲ್ಲ! ಹೋದ ತಿಂಗಳು ಅದರ ಆಲ್ಟರ್ನೇಟರ್ ಕೆಟ್ಟಿತು. ಎಂಜಿನ್ನಿನ ಬೆಲ್ಟು ಅದನ್ನು ತಿರುಗಿಸಬೇಕು, ಅದು ಬ್ಯಾಟರಿಗೆ ಕರೆಂಟು ತುಂಬಬೇಕು. ತುಂಬದಿದ್ದರೆ ಸ್ಟೀರಿಂಗಿನ ಹಿಂದೆ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತುತ್ತದೆ. ಹಳೆ ಸಾಮಾನಿನ ಅಂಗಡಿಯಲ್ಲಿ ಇನ್ನೊಂದು ಆರಿಸಿ ತಂದಿದ್ದೆ. ಮೈಕಟ್ಟೆಲ್ಲ ಸರಿ, ಬೆಲ್ಟು ಸುತ್ತುವ ಮುಂದಿನ ಗಾಲಿ, ಪುಲ್ಲಿ, ಮಾತ್ರ ಬೇರೆ. ನಮ್ಮ ಬೆಲ್ಟು ಒಂದೇ ತೋಡಿನಲ್ಲಿ ಕೂರುವ ಕಿರಿದಾದದ್ದು, ಅದರ ಪುಲ್ಲಿ ಪಟ್ಟಿಯಂಥ ಅಗಲ ಬೆಲ್ಟಿನದು. ಹಳೆಯದರ ಪುಲ್ಲಿ ಬಿಚ್ಚಿ ಹೊಸದಕ್ಕೆ ಹಾಕಿದರೆ ಮುಗಿಯಿತು. ಹಾಕೋಣವೆಂದು ಕೂತ ದಿನವೇ ಕಣ್ಣಿಗೆ ಕಪ್ಪು ಪರದೆ ಇಳಿಯಿತು.

ಮೂಲೆ ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಇವಳು ಫೋನ್ ಮಾಡಿದಳು. "ನೋಡೋಣಮ್ಮಾ, ಬಿಡುವಾದ್ರೆ" ಅಂದನಂತೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹೋದ ವರ್ಷ ಅವನು ಸರ್ವಿಸ್ ಮಾಡಿದ ಕಾರಿನಡಿ ಟಾರ್ಚ್ ಹಿಡಿದು ತೆವಳಿ, ಮೂರು ಸಡಿಲ ಬೋಲ್ಟು ಹುಡುಕಿ, ನಾಲ್ಕು ಗಿರಾಕಿಗಳ ಮುಂದೆ ಅವನಿಗೆ ತೋರಿಸಿದ್ದೆ. ಮಾಡಿದ್ದುಣ್ಣೋ ಮಹಾರಾಯ.

ಇವಳ ಪಾದಗಳು ನನ್ನ ಮೂಗಿನ ಕೆಳಗೆ ಬಂದು ನಿಂತವು.

"ನೀವು ಹೇಳಿ, ನಾನು ಮಾಡ್ತೀನಿ."

"ಅದೇನು ಹೊಲಿಗೆಯೇನೇ?"

"ನನ್ನ ಹೊಲಿಗೆ ಮಿಷನ್ನಿಗೂ ಬೆಲ್ಟ್ ಇದೆ, ಗಾಲಿ ಇದೆ. ಇಷ್ಟು ವರ್ಷ ನೀವು ಬಂದು ಹಾಕಿಕೊಟ್ರಾ?"

ಊರ ಶಾಲೆಗಳ ಸಮವಸ್ತ್ರ, ಪಕ್ಕದ ಬೀದಿಗಳ ಪರದೆ ಎಲ್ಲ ಹೊಲಿದವಳು, ಸರಿ. ಆದರೂ ತೀರ್ಮಾನದ ಅಂಕಣದಲ್ಲಿ "ತಿರಸ್ಕೃತ" ಎಂದೇ ಬರೆದೆ. ಬರೆದದ್ದನ್ನು ತೋರಿಸಿದೆ. "ಕನ್ನಡಕ ಹಾಕ್ಕೊಂಡು ಆಮೇಲೆ ಓದ್ತೀನಿ" ಎಂದು ಸ್ಪ್ಯಾನರ್ ಹುಡುಕಲು ಹೋದಳು.

ಏಪ್ರಿಲ್ ೭, ಸೋಮವಾರ

ಮಂಚವನ್ನು ಕಾರಿನ ಶೆಡ್ಡಿಗೆ ಎಳೆಸಿದಳು. ಎದೆಯಡಿ ದಿಂಬು, ಹಣೆಯಡಿ ಸುತ್ತಿದ ಟವಲು, ಮುಖ ಮಂಚದ ಅಂಚಿನಾಚೆ. ಟೀ ಕುಡಿಯುವುದೂ ಸ್ಟ್ರಾದಲ್ಲಿ. ನನ್ನ ಕೆಳಗೆ ನೆಲದ ಮೇಲೆ ಒಂದು ಗೋಣಿಚೀಲ, ಬಿಚ್ಚಿದ್ದನ್ನೆಲ್ಲ ಅದರ ಮೇಲೆ ತಂದಿಡಬೇಕೆಂದು ಆಜ್ಞೆ ಮಾಡಿದೆ.

ಮೊದಲು ಬ್ಯಾಟರಿಯ ತಂತಿ ಕಳಚಿಸಿದೆ. ಆಮೇಲೆ ಬೆಲ್ಟು ಸಡಿಲ ಮಾಡುವ ಬೋಲ್ಟು, ಆಮೇಲೆ ತಂತಿಗಳು, ಕಡೆಗೆ ಉದ್ದ ಬೋಲ್ಟು. ನಾನು ಶಬ್ದ ಕೇಳಿಯೇ ಹೇಳುತ್ತಿದ್ದೆ: "ಅದಲ್ಲ, ಅದರ ಪಕ್ಕದ್ದು." ಎರಡು ಸಲ ನಾನು ಹೇಳಿದ್ದೇ ಸರಿಯಿತ್ತಂತೆ. ಮೂರನೇ ಸಲ "ಪಕ್ಕದ್ದು ಯಾವುದೂ ಇಲ್ಲ ರೀ, ಗೋಡೆ ಇದೆ" ಅಂದಳು.

ಕಳಚಿದ ತಂತಿಗಳಿಗೆಲ್ಲ ಬಣ್ಣಬಣ್ಣದ ನೂಲು ಕಟ್ಟಿದ್ದಾಳೆ, ಯಾವುದು ಎಲ್ಲಿಗೆ ಎಂದು ಮರೆಯದಿರಲು. ನಾನು ಹೇಳಿಕೊಟ್ಟದ್ದಲ್ಲ. ಹಳೆ ಆಲ್ಟರ್ನೇಟರ್ ಮಧ್ಯಾಹ್ನಕ್ಕೆ ನನ್ನ ಮೂಗಿನ ಕೆಳಗಿತ್ತು. ಇಷ್ಟು ದಿನಕ್ಕೆ ಒಂದು ನೋಡುವಂಥ ಮುಖ ಸಿಕ್ಕಿತು.

ಏಪ್ರಿಲ್ ೮, ಮಂಗಳವಾರ

ಕೆಟ್ಟ ದಿನ.

ಪುಲ್ಲಿಯ ನಟ್ಟು ಬಿಚ್ಚಲು ಆಲ್ಟರ್ನೇಟರನ್ನು ದವಡೆ ಬಿಗಿದು ಹಿಡಿಯುವ ವೈಸಿಗೆ ಸಿಕ್ಕಿಸಬೇಕು. ವೈಸ್ ಇರುವುದು ಮೇಜಿನ ಮೇಲೆ, ನನ್ನ ಕಣ್ಣಿರುವುದು ನೆಲದ ಮೇಲೆ. ಅದಕ್ಕೊಂದು ಉಪಾಯ ಮಾಡಿದೆ: ಬಟ್ಟೆ ತೊಡಿಸಿ ನೋಡುವ ಇವಳ ಕನ್ನಡಿಯನ್ನು ನೆಲದ ಮೇಲೆ ಇಟ್ಟಿಗೆಗೆ ಒರಗಿಸಿದರೆ ಮೇಜು, ವೈಸು, ಇವಳು ಎಲ್ಲ ಕಾಣುತ್ತದೆ. ಎಷ್ಟೋ ದಿನದ ಮೇಲೆ ಇವಳ ಮುಖ ಕಂಡೆ. ಮೂಗಿನ ಮೇಲೆ ಗ್ರೀಸಿತ್ತು.

ಉಕ್ಕಿನ ದವಡೆ ಪುಲ್ಲಿಗೆ ಗಾಯ ಮಾಡುತ್ತದೆಂದು ಹಳೆ ಬೆಲ್ಟೊಂದನ್ನು ಅದಕ್ಕೆ ಸುತ್ತಿ, ಆಮೇಲೆ ವೈಸು ಬಿಗಿದಳು. ಅದೂ ಇವಳದೇ ಯೋಚನೆ. ನಾನು ನಿಯಮ ಹೇಳಿದೆ: ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. "ಉಪ್ಪಿನ ಡಬ್ಬಿ ಮುಚ್ಚಳ ತೆಗೆಯೋಳು ನಾನೇ" ಎಂದು ಸ್ಪ್ಯಾನರ್ ಹಾಕಿ ತಿರುಗಿಸತೊಡಗಿದಳು. ಕನ್ನಡಿಯಲ್ಲಿ ನೋಡುತ್ತೇನೆ, ಬಲಕ್ಕೆ!

"ಅಯ್ಯೋ, ಉಲ್ಟಾ! ಬಿಗಿ ಮಾಡ್ತಾ ಇದೀಯ!"

"ಇಲ್ಲ ರೀ, ಸರಿಯಾಗೇ..."

"ನನ್ನ ಕಣ್ಣಿಗೆ ಕಾಣ್ತಾ ಇದೆ!"

ಹೇಳುತ್ತ ಹೇಳುತ್ತ ನನ್ನ ಕತ್ತು ತಾನಾಗಿ ಮೇಲೆದ್ದಿತು. ಸ್ಪ್ಯಾನರ್ ಬಿದ್ದ ಸದ್ದು, ಇವಳು ಓಡಿಬಂದ ಸದ್ದು, ಹಿಂಗತ್ತಿನ ಮೇಲೆ ಇವಳ ಕೈ. "ಆಯ್ತು, ಆಯ್ತು. ನೀವು ಹೇಳಿದ ಹಾಗೇ. ನೆಲ ನೋಡಿ."

ಆಮೇಲೆ ನಾನು ಹೇಳಿದ ಕಡೆಗೇ ಜಗ್ಗಿದಳು. ಹಲ್ಲು ಕಚ್ಚಿ, ಉಸಿರು ಬಿಗಿ ಹಿಡಿದು ಜಗ್ಗಿದಳು. ನಟ್ಟು ಅಲುಗಲಿಲ್ಲ. ತುಕ್ಕು ಹಿಡಿದಿದೆ ಎಂದು ತೀರ್ಮಾನಿಸಿ ಎಣ್ಣೆ ಬಿಡಿಸಿದೆ.

ಕಣ್ಣಿನಲ್ಲಿ ಒಂದು ಮಿಂಚು ಹೊಡೆದ ಹಾಗಾಯಿತು. ಇವಳಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ: ಹೆದರಿಕೆಯಾಗಿದೆ.

ಏಪ್ರಿಲ್ ೯, ಬುಧವಾರ

ನಟ್ಟು ಇವತ್ತೂ ಜಗ್ಗಲಿಲ್ಲ. ಇವಳು ಮುಖ ಕೆಂಪಗೆ ಮಾಡಿಕೊಂಡು ಎಳೆದದ್ದನ್ನು ಕನ್ನಡಿಯಲ್ಲಿ ನೋಡಿದೆ.

ಇವಳು ಬೀದಿಯ ತುದಿಗೆ ಹಾಲು ತರಲು ಹೋದಾಗ ಮೆಲ್ಲಗೆ ಎದ್ದೆ. ತಲೆ ತಗ್ಗಿಸಿಯೇ ಇದ್ದೆ, ಸುಳ್ಳು ಹೇಳುವುದಿಲ್ಲ. ಒಂದೇ ಒಂದು ಎಳೆತ ಸಾಕು ಅನಿಸಿತ್ತು. ಕೈ ಸ್ಪ್ಯಾನರಿನ ಮೇಲೆ ಇತ್ತು, ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ಶೂ.

"ಸಾರ್, ಒಂದು ನಟ್ಟಿಗೆ ಒಂದು ಕಣ್ಣಾ?"

ಬಂದು ಮಲಗಿದೆ. ಮಿಂಚು ಕಂಡದ್ದನ್ನೂ ಹೇಳಿದೆ. ನರ್ಸಮ್ಮ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದಳು. ಬಂದದ್ದು ಒಂದೇ ಮಿಂಚು, ಮತ್ತೆ ಬಂದಿಲ್ಲ ಅಂದರೆ ಹದಿನಾಲ್ಕರವರೆಗೆ ಕಾಯಬಹುದು, ಮತ್ತೆ ಬಂದರೆ ಆ ಕ್ಷಣವೇ ಹೊರಡಬೇಕು ಅಂದರಂತೆ. ಇವಳಿಗೆ ಹೇಳಬೇಡ ಎಂದು ಕೇಳಿಕೊಂಡೆ. ಹೇಳುತ್ತಾಳೆ, ಗೊತ್ತು.

ಏಪ್ರಿಲ್ ೧೦, ಗುರುವಾರ

ಇದನ್ನು ವಿವರವಾಗಿ ಬರೆಯಲೇಬೇಕು.

ಬೆಳಿಗ್ಗೆ ಇವಳು ಕತ್ತರಿಸುವ ಬಟ್ಟೆಯನ್ನು ಶೆಡ್ಡಿನ ಮೇಜಿಗೇ ತಂದಳು, ನನಗೆ ಜೊತೆಯಾಗಲಿ ಎಂದು. ಕಾವಲಿಗೆ ಎಂದು ನನ್ನ ಅನುಮಾನ. ಕನ್ನಡಿಯಲ್ಲಿ ನೋಡುತ್ತ ಮಲಗಿದ್ದೆ. ಪರದೆಯ ಬಟ್ಟೆಯ ಮೇಲೆ ಕತ್ತರಿ ಸರಸರ ಓಡುತ್ತಿತ್ತು. ಕತ್ತರಿ ಇವಳ ಎಡಗೈಯಲ್ಲಿತ್ತು.

ಮೂವತ್ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಇವಳು ಯಾವಾಗ ಎಡಚಿಯಾದಳು? ಕೇಳಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿದೆ.

ಕನ್ನಡಿ. ಕನ್ನಡಿಯಲ್ಲಿ ಬಲ ಎಡವಾಗುತ್ತದೆ, ಎಡ ಬಲವಾಗುತ್ತದೆ. ಎರಡನೇ ಕ್ಲಾಸಿನ ಮಗುವಿಗೂ ಗೊತ್ತಿರುವ ವಿಷಯ. ಮಂಗಳವಾರ ಇವಳು ನಟ್ಟನ್ನು ಸರಿಯಾಗಿ ಎಡಕ್ಕೇ ತಿರುಗಿಸುತ್ತಿದ್ದಳು. ನಾನು ಅರಚಿ ಬಲಕ್ಕೆ ತಿರುಗಿಸುವ ಹಾಗೆ ಮಾಡಿದೆ. ಬಿಚ್ಚಬೇಕಾದದ್ದನ್ನು ಎರಡು ದಿನ ಬಿಗಿ ಮಾಡಿಸಿ, ತುಕ್ಕಿನ ಮೇಲೆ ಗೂಬೆ ಕೂರಿಸಿದ್ದೆ. ಕುಣಿಯಲಾರದವ ನೆಲ ಡೊಂಕು ಅಂದನಂತೆ. ನಮ್ಮ ಕಾರ್ಖಾನೆಯ ತಪಾಸಣೆ ವಿಭಾಗದ ಗೋಡೆಯ ಮೇಲೆ "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು" ಎಂದು ಬರೆಸಿದ್ದವನು ನಾನೇ.

"ಒಂದು ಮಾತು" ಅಂದೆ. ಕತ್ತರಿ ನಿಂತಿತು. ಹೇಳಿದೆ. ತಪ್ಪು ನನ್ನದು ಎಂದು ಹೇಳುವುದು ಬೋರಲು ಮಲಗಿದವನಿಗೆ ಸುಲಭ, ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಇವಳು ನಗತೊಡಗಿದಳು. ಮೇಜಿಗೆ ಒರಗಿ ನಕ್ಕಳು, ಆಮೇಲೆ ನನ್ನ ಮಂಚದ ಪಕ್ಕ ನೆಲದ ಮೇಲೆ ಕೂತು ನಕ್ಕಳು.

"ಅವತ್ತೇ ಗೊತ್ತಿತ್ತು ನಂಗೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ? ಎದ್ದು ಬಂದು ಕಣ್ಣಾರೆ ನೋಡ್ತಿದ್ರಿ. ಆಗಲೇ ಅರ್ಧ ಎದ್ದಿದ್ರಿ."

ಎದೆಯಡಿಯ ದಿಂಬು ಸರಿಮಾಡಿಕೊಂಡೆ.

"ನಟ್ಟು ಮಂಗಳವಾರ ಸಂಜೆ ನೀವು ನಿದ್ದೆ ಹೋದಾಗಲೇ ಬಿಚ್ಚಿದೆ. ಬೆರಳಲ್ಲಿ ಬರೋ ಹಾಗೆ ಸಡಿಲವಾಗಿ ಮತ್ತೆ ಹಾಕಿಟ್ಟೆ."

"ನಿನ್ನೆ ಹಲ್ಲು ಕಚ್ಚಿ ಎಳೆದದ್ದು?"

"ನಾಟಕ."

"ಬಿಚ್ಚಿದ ಮೇಲೆ ಮತ್ತೆ ಯಾಕೆ ಹಾಕಿದೆ?"

"ನಾನು ಹೊರಗೆ ಹೋದಾಗ ನೀವು ಕದ್ದು ಎದ್ದು ಬಂದೇ ಬರ್ತೀರಿ ಅಂತ ಗೊತ್ತಿತ್ತು. ಬಂದ್ರೂ ತಿಣುಕೋದು ಬೇಡ ಅಂತ."

ನನಗೆ ಮೊದಲು ನಗು ಬಂತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದರೆ, ನಾನು ಎಡವಿ ಬೀಳದಿರಲೆಂದು ಇವಳು ನಾಲ್ಕನೆಯದನ್ನು ಸೆರಗಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಕಣ್ಣೀರು ಬಂದರೆ ಗುಳ್ಳೆಗೆ ಏನಾಗುತ್ತದೋ ಡಾಕ್ಟರಮ್ಮ ಹೇಳಿಲ್ಲ. ಎರಡು ಹನಿ ನೇರವಾಗಿ ಗೋಣಿಚೀಲದ ಮೇಲೆ ಬಿದ್ದವು. ಇವಳು ನೋಡಿ ಟವಲು ಕೊಟ್ಟಳು.

ಮಿಂಚಿನ ವಿಷಯ ನರ್ಸಮ್ಮ ನಿನ್ನೆಯೇ ಹೇಳಿದ್ದಾಳೆ.

ಏಪ್ರಿಲ್ ೧೧, ಶುಕ್ರವಾರ

ಕನ್ನಡಿ ತೆಗೆದುಬಿಡು ಅಂದೆ. ಸುಳ್ಳು ಸಾಕ್ಷಿ. ಕಿವಿಯೇ ಸಾಕು.

ಹೊಸದರ ಅಗಲ ಪುಲ್ಲಿಯನ್ನು ಇವಳು ಒಬ್ಬಳೇ ಬಿಚ್ಚಿದಳು, ನಾನು ಟೀ ಹೀರಿ ಮುಗಿಸುವಷ್ಟರಲ್ಲಿ. ಎರಡನ್ನೂ ಗೋಣಿಚೀಲದ ಮೇಲೆ ತಂದಿಟ್ಟಳು. ಇದು ನನ್ನ ರಾಜ್ಯ. ವರ್ನಿಯರ್ ಹಿಡಿದು ಹಳೆ ಪುಲ್ಲಿಯ ತೂತನ್ನೂ ಹೊಸ ಶಾಫ್ಟನ್ನೂ ಅಳೆದೆ. ಎರಡೂ ಹದಿನೇಳು ಮಿಲಿಮೀಟರ್. ಅಳೆಯುವಾಗ ಕಾರ್ಖಾನೆಯ ದಿನಗಳಷ್ಟೇ ಸುಖವಾಯಿತು.

"ಸರಿ, ಆ ಹಳೆ ಶಾಫ್ಟಿನ ಮೇಲಿನ ಕೊಳೆ ಬಿಡು, ಪುಲ್ಲಿ ಹಾಕು" ಅಂದೆ.

"ಕೊಳೆ ಅಲ್ಲ ರೀ ಇದು. ಬೆರಳಿಗೆ ಅಂಚು ಸಿಗ್ತಾ ಇದೆ."

ಒರೆಸಿ ತೆಗೆದಳು: ತೆಳುವಾದ ಒಂದು ಉಕ್ಕಿನ ಬಳೆ, ಪುಲ್ಲಿಯ ಹಿಂದೆ ಕೂರುವಂಥದ್ದು. ಅದನ್ನು ಬಿಟ್ಟಿದ್ದರೆ ಪುಲ್ಲಿ ಎರಡು ಮಿಲಿಮೀಟರ್ ಒಳಗೆ ಸರಿದು, ಬೆಲ್ಟು ಸೊಟ್ಟಗೆ ಓಡಿ, ಆಸ್ಪತ್ರೆಯ ಅರ್ಧದಾರಿಯಲ್ಲಿ ಹರಿಯುತ್ತಿತ್ತು. ಎಡಗಣ್ಣನ್ನು ಅದರ ಹತ್ತಿರಕ್ಕೆ ಒಯ್ದರೂ ನನಗದು ಕೊಳೆಯಾಗಿಯೇ ಕಂಡಿತ್ತು. ಕಾಜಾ ಹೊಲಿಯುವ ಬೆರಳಿಗೆ ಸಿಕ್ಕಿತು.

ಬಳೆ ಹಾಕಿ, ಪುಲ್ಲಿ ಹಾಕಿ, ನಟ್ಟು ಬಿಗಿದಳು. ಯಾವ ಕಡೆಗೆ ಅಂತ ನಾನು ಕೇಳಲಿಲ್ಲ.

ಏಪ್ರಿಲ್ ೧೨, ಶನಿವಾರ

ಆಲ್ಟರ್ನೇಟರ್ ಕಾರಿನಲ್ಲಿ ಕೂತಿತು. ನೂಲು ನೋಡಿ ತಂತಿ ಸಿಕ್ಕಿಸಿದಳು. ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ಹೊಲಿಗೆಯ ಮರದ ಸ್ಕೇಲು ಹಿಡಿದು ನೋಡಿದಳಂತೆ. ಬೆಲ್ಟು ಎಷ್ಟು ಬಿಗಿಯಿರಬೇಕು ಎಂದಾಗ, ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಬೇಕು ಅಂದೆ. "ಸೊಂಟದ ಎಲಾಸ್ಟಿಕ್ ಲೆಕ್ಕ" ಅಂದಳು.

ಸಂಜೆ ಒಂದು ಜೊತೆ ಹಳೆ ಚಪ್ಪಲಿ ಬಂತು, ಹೆಬ್ಬೆರಳಿಗೆ ಎಣ್ಣೆ ಮೆತ್ತಿದ್ದು. ಮೆಕ್ಯಾನಿಕ್. ಇವಳು ಚಾರ್ಜಿಗೆ ಕಳಿಸಿದ್ದ ನಮ್ಮ ಬ್ಯಾಟರಿ ಹೊತ್ತು ತಂದಿದ್ದ. ಕೈಯಲ್ಲಿ ಟಾರ್ಚೂ ಇತ್ತು. ಕಾರಿನಡಿ ತೆವಳಿದ. ಏನು ಹುಡುಕುತ್ತಿದ್ದ ಎಂದು ನನಗೆ ಗೊತ್ತಿತ್ತು, ನಾನೂ ಉಸಿರು ಹಿಡಿದು ಕಾದೆ.

"ಒಂದೂ ಸಡಿಲ ಇಲ್ವಲ್ಲಾ" ಅಂದ, ಬೇಜಾರಿನಿಂದ. "ಡೈನಮೋ ಹಾಕಿದ್ದು ಯಾರು ಸಾರ್?"

"ನಮ್ಮ ಮನೆಯವರು."

"ಅದೇ ಅಂದ್ಕೊಂಡೆ. ನೀವಾಗಿದ್ರೆ ನಾಲ್ಕು ಸಲ ಬಿಚ್ಚಿ ನೋಡಿ ನಟ್ಟಿನ ಮೂಲೆ ಸವೆಸಿರ್ತಿದ್ರಿ."

ನನಗೆ ಕೋಪ ಬರಲಿಲ್ಲ, ವಿಚಿತ್ರ. ಹೋದ ವರ್ಷದ ಮೂರು ಬೋಲ್ಟನ್ನು ನಾಲ್ಕು ಜನರ ಮುಂದೆ ತೋರಿಸಬಾರದಿತ್ತು ಅಂದೆ. "ಎರಡೇ ಸಾರ್ ಸಡಿಲ ಇದ್ದದ್ದು" ಅಂದ. ಮೂರೇ. ಆದರೆ ಬಿಟ್ಟುಬಿಟ್ಟೆ.

ಇವಳು ಕೀಲಿ ತಿರುಗಿಸಿದಳು. ಬೆಲ್ಟು ಒಮ್ಮೆ ಕಿರ್ ಎಂದು ಸುಮ್ಮನಾಯಿತು, ಎಂಜಿನ್ ಗುಂಯ್‌ಗುಟ್ಟಿತು. "ದೀಪ ಆರಿತು!" ಎಂದು ಇವಳು ಕಾರಿನೊಳಗಿಂದ ಕೂಗಿದಳು. "ಹೌದೇನಯ್ಯಾ?" ಎಂದು ಮೆಕ್ಯಾನಿಕ್ಕಿನ ಚಪ್ಪಲಿಗಳನ್ನು ಕೇಳಿದೆ. "ಆರಿದೆ ಸಾರ್" ಅಂದ ಮೇಲೆಯೇ ಸಮಾಧಾನವಾಯಿತು.

ಏಪ್ರಿಲ್ ೧೩, ಭಾನುವಾರ

ಇವಳು ಒಬ್ಬಳೇ ಬೀದಿ ಮೂರು ಸುತ್ತು ಹಾಕಿ ಬಂದಳು. ಗೇರು ಬದಲಿಸುವುದನ್ನು ಶೆಡ್ಡಿನಿಂದಲೇ ಕೇಳಿದೆ. ಎರಡನೆಯದರಿಂದ ಮೂರನೆಯದಕ್ಕೆ ಸ್ವಲ್ಪ ತಡ. ಹೇಳಲಿಲ್ಲ, ಮೂರನೇ ಸುತ್ತಿನಲ್ಲಿ ತಾನೇ ಸರಿಮಾಡಿಕೊಂಡಳು. ಮಿಂಚು ಮತ್ತೆ ಬಂದಿಲ್ಲ.

ಏಪ್ರಿಲ್ ೧೪, ಸೋಮವಾರ

ಹೋಗಿ ಬಂದೆವು.

ಹೋಗುವಾಗ ಹಿಂದಿನ ಸೀಟಿನಲ್ಲಿ ಬೋರಲು ಮಲಗಿದ್ದೆ, ದಿಂಬಿನ ಮೇಲೆ ದಿಂಬು. ಹೊರಟ ಕೂಡಲೇ ಇವಳು "ದೀಪ ಆರಿದೆ" ಅಂದಳು, ನಾನು "ಹ್ಞೂಂ" ಅಂದೆ. ಆಮೇಲೆ ನಿದ್ದೆ ಬಂತು. ಬ್ರೇಕು ಎಣಿಸಬೇಕೆಂದಿದ್ದೆ, ಎರಡಕ್ಕೆ ಲೆಕ್ಕ ತಪ್ಪಿತು.

ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತೂ ಇವಳ ಕೈ ನನ್ನ ಅಂಗಿಯ ತುದಿ ಹಿಡಿದಿತ್ತು. ಬಿಡಿಸಿಕೊಳ್ಳಲಿಲ್ಲ.

"ಚೆನ್ನಾಗಿ ಕೂತಿದೆ. ಇನ್ನು ತಲೆ ಎತ್ತಬಹುದು."

ಎತ್ತಿದೆ. ಕತ್ತು ಮರಗಟ್ಟಿ ಹೋಗಿತ್ತು. ಬಲಗಣ್ಣಿನಲ್ಲಿ ಗುಳ್ಳೆ ಇನ್ನೂ ಇದೆ, ಬಡಗಿಯ ರಸಮಟ್ಟದ ಹಾಗೆ ಒಂದು ಗೆರೆ ತೂಗಾಡುತ್ತದೆ; ವಾರಗಳಲ್ಲಿ ಕರಗುತ್ತದಂತೆ. ಗೆರೆಯ ಮೇಲಕ್ಕೆ ಕಂಡದ್ದು ಇವಳ ಮುಖ. ಅಳುತ್ತಿದ್ದಳು, ಆದರೆ "ಗಡ್ಡ ಬೋಳಿಸಿಲ್ಲ ನೋಡಿ" ಅಂತ ನನಗೇ ಬೈದಳು.

ಬರುವಾಗ ಮುಂದಿನ ಸೀಟು, ಇವಳ ಪಕ್ಕ. ಎರಡು ಗಂಟೆ ಇವಳನ್ನೇ ನೋಡುತ್ತ ಬಂದೆ. ತಿರುವಿನಲ್ಲಿ ನಾಲಗೆ ತುದಿ ಕಚ್ಚಿಕೊಳ್ಳುತ್ತಾಳೆ, ಸೂಜಿಗೆ ದಾರ ಪೋಣಿಸುವಾಗ ಕಚ್ಚಿಕೊಳ್ಳುವಂತೆಯೇ. "ಏನು ನೋಡ್ತೀರಿ, ರಸ್ತೆ ನೋಡಿ" ಅಂದಳು. "ಅದನ್ನ ನೋಡೋಕೆ ನೀನಿದೀಯಲ್ಲ" ಅಂದೆ. ಬಹಳ ಸುಖವಾದ ಪ್ರಯಾಣ.

ಮನೆಗೆ ಬಂದು ಮೇಜಿನ ಮುಂದೆ ನೆಟ್ಟಗೆ ಕೂತು ಇದನ್ನು ತುಂಬಿದೆ:

ವಸ್ತು: ಆಲ್ಟರ್ನೇಟರ್, ಹಳೆ ಪುಲ್ಲಿ ಹಾಕಿದ್ದು. ಕಂಡದ್ದು: ಬೆಲ್ಟು ನೇರ, ಸದ್ದಿಲ್ಲ, ಕೆಂಪು ದೀಪ ಆರಿದೆ. ತೀರ್ಮಾನ: ಅಂಗೀಕೃತ. ನೋಡಿದವರ ಸಹಿ: ಹಾಕಿದ್ದೇನೆ.

ಸಹಿಯ ಶಾಯಿ ಆರುವಾಗ ಹೊಳೆಯಿತು. ಹೋಗುವಾಗ ಬೋರಲು ಮಲಗಿದ್ದೆ. ಬರುವಾಗ ಕಣ್ಣ ಮುಂದೆಯೇ ಇದ್ದರೂ ಆ ದೀಪದ ಕಡೆ ಒಂದು ಸಲವೂ ನೋಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ನೋಡದೆ ಹಾಕಿದ ಸಹಿ ಇದೊಂದೇ. ಹೊಡೆದುಹಾಕಿ, ಶೆಡ್ಡಿಗೆ ಹೋಗಿ ನೋಡಿ ಬಂದು ಮತ್ತೆ ಹಾಕೋಣವೆಂದು ಪೆನ್ನು ಎತ್ತಿದೆ.

ಅಷ್ಟರಲ್ಲಿ ಊಟಕ್ಕೆ ಕರ...

ಕರೆದಳು, ಎರಡು ಸಲ. ಉಂಡು ಬಂದೆ. ಸಹಿ ಹಾಗೇ ಇರಲಿ.